ಇಪ್ಪತ್ತೆರಡು ಮನೆಗೆ ಒಂದೇ ಆ್ಯಪು

ಮೊದಲೇ ಹೇಳಿಬಿಡುತ್ತೇನೆ, ಈ ಕಥೆಯಲ್ಲಿ ನಾನು ಒಳ್ಳೆಯವನಾಗಿ ಕಾಣಿಸುವ ಜಾಗ ಒಂದೂ ಇಲ್ಲ. ಹುಡುಕಬೇಡಿ. ನಾನೇ ಹುಡುಕಿ ಸೋತಿದ್ದೇನೆ.

ಹುಮನಾಬಾದಿನಿಂದ ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿದರೆ ನಮ್ಮ ಓಣಿ. ಒಂದಕ್ಕೊಂದು ಗೋಡೆ ಅಂಟಿಸಿಕೊಂಡು ನಿಂತ ಇಪ್ಪತ್ತೆರಡು ಮನೆ. ಮೊದಲನೆಯದು ನಮ್ಮದು. ನನ್ನ ಹೆಸರು ಗುರುನಾಥ. ಇಲ್ಲಿಯದೇ ಒಂದು ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷದಿಂದ ಕಂಪ್ಯೂಟರ್ ಪಾಠ ಹೇಳುತ್ತಿದ್ದೇನೆ. (ಅದರಲ್ಲಿ ಹನ್ನೊಂದು ವರ್ಷ ಬರೀ ಸೀಮೆಸುಣ್ಣದಿಂದ ಹೇಳಿದ್ದು. ಕಂಪ್ಯೂಟರ್ ಕೋಣೆಯ ಕೀಲಿ ಪ್ರಿನ್ಸಿಪಾಲರ ಕಿಸೆಯಲ್ಲಿರುತ್ತಿತ್ತು.) ಆದ್ದರಿಂದ ಓಣಿಯಲ್ಲಿ ಯಾರ ಫೋನು ಕೆಟ್ಟರೂ, ಯಾರ ಟಿ.ವಿ. ಮುನಿಸಿಕೊಂಡರೂ, ಒಮ್ಮೆ ಒಬ್ಬರ ಮಿಕ್ಸರ್ ಸುಟ್ಟಾಗಲೂ ನನ್ನ ಹತ್ತಿರವೇ ತರುತ್ತಿದ್ದರು. ಈಗ ತರುವುದಿಲ್ಲ.

ನಮ್ಮ ಓಣಿಗೆ ನೀರು ಎಂಟು ದಿನಕ್ಕೊಮ್ಮೆ. ಎಂಟನೇ ದಿನ ಬರುವುದು ಖಾತ್ರಿ, ಎಷ್ಟು ಗಂಟೆಗೆ ಎನ್ನುವುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ನೀರು ಬಿಡುವ ಲಾಲ್ ಅಹ್ಮದ್ ಬೈಕಿನ ಮೇಲೆ ಬಂದು, ನಮ್ಮ ಕಂಪೌಂಡಿನ ಮೂಲೆಯಲ್ಲಿರುವ ವಾಲ್ವು ತಿರುವಿ, "ಪಾನಿ ಛೋಡ್ದಿಯಾ!" ಎಂದು ಒಂದು ಕೂಗು ಹಾಕಿ ಮುಂದಿನ ಓಣಿಗೆ ಹೋಗಿಬಿಡುತ್ತಾರೆ. ಅಲ್ಲಿಂದ ಒಂದು ತಾಸು ನೀರು. ನಮ್ಮ ಮನೆ ತಗ್ಗಿನಲ್ಲಿದೆ, ನೆಲದಡಿಯ ಟಾಕಿಗೆ ನೀರು ತಾನಾಗಿಯೇ ಬಂದು ಬೀಳುತ್ತದೆ. ಉಳಿದವರು ನಳದ ಗುಂಡಿಗೆ ಬಗ್ಗಿ, ಪೈಪು ಸಿಕ್ಕಿಸಿ, ಮೋಟರು ಹಚ್ಚಿ ಎಳೆದುಕೊಳ್ಳಬೇಕು. ಸುದ್ದಿ ತಪ್ಪಿದವರ ಗತಿ ಮುಂದಿನ ಎಂಟು ದಿನ ದೇವರಿಗೇ ಪ್ರೀತಿ.

ಸುದ್ದಿ ಮುಟ್ಟಿಸಲು ಓಣಿಯ ಹೆಣ್ಣುಮಕ್ಕಳು ಒಂದು ಪದ್ಧತಿ ಮಾಡಿಕೊಂಡಿದ್ದರು. ಲಾಲ್ ಅಹ್ಮದ್ ಕೂಗಿದ ಕೂಡಲೇ ನನ್ನ ಹೆಂಡತಿ ಮನೀಷಾ ಅಡುಗೆಮನೆಯ ಗೋಡೆಗೆ ಲಟ್ಟಣಿಗೆಯಿಂದ ಎರಡು ಪೆಟ್ಟು ಹಾಕುತ್ತಿದ್ದಳು. ಅದನ್ನು ಕೇಳಿ ಪಕ್ಕದ ಮನೆಯ ಅಸ್ಗರಿ ಆಪಾ ತಮ್ಮ ಆಚೆಯ ಗೋಡೆಗೆ ಎರಡು. ಅವರು ಮುಂದಿನವರಿಗೆ ಎರಡು. ಹೀಗೆ ಗೋಡೆಯಿಂದ ಗೋಡೆಗೆ ಹೋಗಿ ಕೊನೆಯ ಮನೆಯ ಪೂನಂಗೆ ಸುದ್ದಿ ಮುಟ್ಟಲು ಎರಡು ನಿಮಿಷ ಸಾಕಾಗುತ್ತಿತ್ತು.

ಇದನ್ನು 'ಶಿಲಾಯುಗದ ತಂತ್ರಜ್ಞಾನ' ಎಂದು ಕರೆದ ಮಹಾಪುರುಷ ನಾನೇ.

ಅಸ್ಗರಿ ಆಪಾ ಗೋಡೆಗೆ ಹೊಸ ಪ್ಲಾಸ್ಟರು ಮಾಡಿಸಿದ್ದರು. "ಮನೀಷಾ, ಜರಾ ಆಹಿಸ್ತಾ ಬಡಿ ತಂಗಿ, ಪದರ ಉದರಾಕತ್ತಾದ" ಎಂದು ಒಂದು ಸಂಜೆ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದರು. ಓಣಿಯ ಎಂಟು ಹತ್ತು ಜನ ಅಲ್ಲೇ ಇದ್ದರು. ಜನ ಕಂಡರೆ ನನ್ನ ನಾಲಗೆಗೆ ಏನೋ ಆಗುತ್ತದೆ.

"ಇನ್ನ ಗೋಡಿ ಬಡಿಯೋದು ಬ್ಯಾಡ್ರಿ ಆಪಾ. ನಾ ಒಂದು ಆ್ಯಪ್ ಮಾಡ್ತೀನಿ. ನೀರ ಬಂದ ಕೂಡ್ಲೆ ನಾ ಒಂದ್ ಬಟನ್ ಒತ್ತೋದು, ಎಲ್ಲಾರ ಮನ್ಯಾಗ ಫೋನ್ ಬಡಕೋತಾವ."

"ಮಾಶಾಲ್ಲಾ! ಎಷ್ಟ ದಿನಾ ಹಿಡೀತದ್ರಿ ಸರ್?"

"ಹದಿನೈದ ದಿನಾ."

ಈ ಹದಿನೈದು ಎನ್ನುವ ಸಂಖ್ಯೆ ಎಲ್ಲಿಂದ ಬಂತೋ ನನಗೆ ಇಂದಿಗೂ ಗೊತ್ತಿಲ್ಲ. ಅಸ್ಗರಿ ಆಪಾ ಆ ಸಂಜೆಯಿಂದಲೇ ಗೋಡೆ ಬಡಿಯುವುದನ್ನು ಮನಸ್ಸಿನಲ್ಲಿ ಬಿಟ್ಟುಬಿಟ್ಟರು. ನಂಬುವ ಜನರ ಎದುರು ಬಾಯಿ ಬಿಡುವ ಮುನ್ನ ಯೋಚಿಸಬೇಕು. ನಾನು ಮನೆಗೆ ಬಂದ ಮೇಲೆ ಯೋಚಿಸಿದೆ.

ಮನೆಯಲ್ಲಿ ಮನೀಷಾ ರೊಟ್ಟಿ ತಟ್ಟುತ್ತ ಒಂದೇ ಮಾತು ಕೇಳಿದಳು. "ಪೂನಂ ಹತ್ರ ಆಯ್‌ಫೋನ್ ಅದಲ್ರಿ?"

ಪೂನಂ ಬಗ್ಗೆ ಹೇಳಬೇಕು. ಅವಳು ಬಸವಕಲ್ಯಾಣದವಳು. ನನ್ನ ಹೆಂಡತಿಯ ತವರೂ ಅದೇ. ಪೂನಂಳ ತಾಯಿ ಮತ್ತು ಮನೀಷಾ ಒಂದೇ ಬೆಂಚಿನ ಮೇಲೆ ಕೂತು ಕಲಿತ ಗೆಳತಿಯರು. ನಮ್ಮ ಓಣಿಯ ಕೊನೆಯ ಮನೆಯ ಧನರಾಜನಿಗೆ ಪೂನಂಳನ್ನು ತಂದುಕೊಳ್ಳುವಂತೆ ಸಂಬಂಧ ಕೂಡಿಸಿದವಳು ನನ್ನ ಹೆಂಡತಿಯೇ. ಮದುವೆಯಲ್ಲಿ ಪೂನಂಳ ತಂದೆ ಬಸವಣಪ್ಪನವರು ಮಗಳಿಗೆ ಪ್ರೀತಿಯಿಂದ ಐಫೋನು ಕೊಟ್ಟಿದ್ದರು. ಉಳಿದ ಇಪ್ಪತ್ತೊಂದು ಮನೆಯಲ್ಲೂ ಆಂಡ್ರಾಯ್ಡು. ಐಫೋನಿಗೆ ಆ್ಯಪು ಬೇಕಾದರೆ ಬೇರೆಯೇ ಮಾಡಬೇಕು.

"ಇಪ್ಪತ್ತೊಂದು ಮನಿಗಿ ಆ್ಯಪ್ ಮಾಡ್ರಿ. ಪೂನಂಗ ನಾ ಫೋನ್ ಹಚ್ಚಿ ಹೇಳ್ತೀನಿ" ಎಂದಳು ಮನೀಷಾ.

ಆಗ ಹೂಂ ಅಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ನಾನೂ ತಲೆ ಎತ್ತಿಕೊಂಡು ಓಣಿಯಲ್ಲಿ ಓಡಾಡುತ್ತಿದ್ದೆ. ಆದರೆ ನಾನು ಓದಿದವನು.

"ನೀ ಕಲ್ಯಾಣದಾಕಿ ಆಗಿ ಹಿಂಗ ಅಂತೀ? ಇಪ್ಪತ್ತೊಂದು ಮಂದಿಗಿ ಒಂದ್ ನ್ಯಾಯ, ಒಬ್ಬಾಕಿಗಿ ಒಂದ್ ನ್ಯಾಯ?"

"ನಾ ನ್ಯಾಯ ಕೇಳಿಲ್ರಿ. ನೀರ ಕೇಳಾಕತ್ತೀನಿ."

ನಾನು ಕೇಳಿಸಿಕೊಳ್ಳಲಿಲ್ಲ. ಒಂದೇ ಸಲ ಬರೆದು ಎರಡೂ ಜಾತಿಯ ಫೋನಿನಲ್ಲಿ ಓಡಿಸುವ ಉಪಾಯ ಇದೆ. ಅದಕ್ಕೆ ಬೇಕಾದ ಸಿದ್ಧ ಸಾಮಾನಿನ ಕಟ್ಟಿಗೆ ಫ್ರೇಮ್‌ವರ್ಕ್ ಅನ್ನುತ್ತಾರೆ. ಕಷ್ಟವೆಂದರೆ ಇಂಥ ಕಟ್ಟುಗಳು ಒಂದೆರಡಲ್ಲ. ಯಾವುದನ್ನು ಆರಿಸುವುದು? ಮರುದಿನವೇ ಒಂದು ದೊಡ್ಡ ಡ್ರಾಯಿಂಗ್ ಹಾಳೆ ತಂದು, ಚಾರ್ಟು ಎಳೆದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಎಡಗಡೆ ಹೆಸರುಗಳು: ಫ್ಲಟರ್, ರಿಯಾಕ್ಟ್ ನೇಟಿವ್, ಕೋಟ್ಲಿನ್, ಅಯಾನಿಕ್. ಮೇಲ್ಗಡೆ ಕಾಲಮ್ಮುಗಳು: ವೇಗ, ರೂಪ, ಭಾಷೆ, ಮನೆತನ, ಭವಿಷ್ಯ.

ಫ್ಲಟರ್ ಗೂಗಲ್ ಮನೆತನದ್ದು, ರೂಪವತಿ, ಆದರೆ ಅದರ ಭಾಷೆ ಹೊಸದಾಗಿ ಕಲಿಯಬೇಕು. ರಿಯಾಕ್ಟ್ ನೇಟಿವ್ ಫೇಸ್‌ಬುಕ್ ಮನೆತನದ್ದು, ಭಾಷೆ ನನಗೆ ಬರುವಂಥದ್ದೇ. (ನನಗೆ ಬರುತ್ತದೆ ಎಂದು ನನ್ನ ವಿದ್ಯಾರ್ಥಿಗಳು ಇನ್ನೂ ಒಪ್ಪಿಲ್ಲ.) ಕೋಟ್ಲಿನ್ ಗಂಭೀರ ಸ್ವಭಾವ. ಅಯಾನಿಕ್ ಅಂದರೆ ವೆಬ್‌ಸೈಟಿಗೇ ಆ್ಯಪಿನ ಸೀರೆ ಉಡಿಸಿದಂತೆ. ನಾಲ್ಕರ ಬಗ್ಗೆಯೂ ವಿಡಿಯೋ ನೋಡಿದೆ. ಒಬ್ಬ ಬಂದು, ಇದನ್ನು ಆರಿಸದವನು ಕೆಟ್ಟ ಅನ್ನುತ್ತಿದ್ದ. ಮರುದಿನ ಇನ್ನೊಬ್ಬ, ಅದನ್ನು ಆರಿಸಿದವನೇ ಕೆಟ್ಟ ಅನ್ನುತ್ತಿದ್ದ. ನನ್ನದು ಕೊನೆಗೆ ಮಾತಾಡಿದವರ ಮಾತನ್ನು ನಂಬುವ ಸ್ವಭಾವ. ಸಂಸಾರದಲ್ಲಿ ಅದು ಬಹಳ ಉಪಯೋಗಕ್ಕೆ ಬಂದಿದೆ, ಇಲ್ಲಿ ಬರಲಿಲ್ಲ.

ಒಂದು ದಿನ ಮನೀಷಾ ಹಾಲು ಇಡಲು ಬಂದವಳು ಚಾರ್ಟಿನ ಮುಂದೆ ನಿಂತಳು.

"ಭವಿಷ್ಯ ಅಂತ ಬರದೀರಿ. ಜಾತಕಾ ಕೂಡಸಾಕತ್ತೀರೇನು?"

"ಇದು ಗಂಭೀರ ನಿರ್ಣಯ ಅದ ಮನೀಷಾ. ನಿನಗ ತಿಳಿಯಂಗಿಲ್ಲ."

"ನನ್ನ ನೋಡಾಕ ಬಂದಾಗ ಒಂದ್ ಪ್ಲೇಟ್ ಸುಸಲಾ ತಿನ್ನೋದ್ರಾಗ ಹೂಂ ಅಂದ್ರಿ. ಆವಾಗ ಈ ಚಾರ್ಟ್ ಎಲ್ಲಿ ಇಟ್ಟಿದ್ರಿ?"

"ಅದು ಬ್ಯಾರೆ."

"ಹ್ಯಾಂಗ ಬ್ಯಾರೆ?"

"ಇದನ್ನ ಒಮ್ಮೆ ಆರಿಸಿದ್ರ ಆಮ್ಯಾಲ ಬದಲಿ ಮಾಡೋದು ಬಾಳ ತ್ರಾಸ."

ಹೇಳಿದ ಮೇಲೆ ನಾನು ಹೇಳಿದ್ದು ನನಗೇ ಕೇಳಿಸಿತು. ಆ ದಿನ ನನ್ನ ತಾಟಿಗೆ ಹಿಂದಿನ ದಿನದ ರೊಟ್ಟಿ ಬಿತ್ತು.

ಹದಿನೈದು ದಿನ ಒಂದು ತಿಂಗಳಾಯಿತು, ಒಂದು ಎರಡಾಯಿತು. ಓಣಿಯಲ್ಲಿ ಯಾರು ಕೇಳಿದರೂ, "ಆತ್ರಿ, ಇನ್ನೇನ್ ಎರಡ ದಿನಾ" ಅನ್ನುತ್ತಿದ್ದೆ. ಒಂದು ಅಕ್ಷರ ಬರೆಯದೆಯೇ ಹಾಗೆ ಅನ್ನುತ್ತಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಚಾರ್ಟಿನಲ್ಲಿ ಐದಿದ್ದ ಕಾಲಮ್ಮು ಹದಿನಾಲ್ಕಾಗಿ, ಹಾಳೆ ಫ್ರಿಜ್ಜಿನ ಬದಿಗೂ ತಿರುಗಿಕೊಂಡಿತ್ತು. ಮೂರನೇ ತಿಂಗಳಲ್ಲಿ ನನಗೇ ನಾಚಿಕೆಯಾಗಿ ಫ್ಲಟರನ್ನು ಆರಿಸಿ, ಹಟ ಹಿಡಿದು ಕೂತು ಒಂದು ಆ್ಯಪು ಮಾಡಿದೆ. ಎಲ್ಲರ ಫೋನಿನಲ್ಲಿ ಗಂಟೆ ಬಾರಿಸುವ ಬಟನ್ನು ನನ್ನೊಬ್ಬನ ಫೋನಿನಲ್ಲಿ ಮಾತ್ರ. ಓಣಿಯ ವಾಟ್ಸಾಪ್ ಗ್ರೂಪಿಗೆ ಕಳಿಸಿದೆ, ಜನ ಇಳಿಸಿಕೊಂಡರು. ಇನ್ನು ಉಳಿದದ್ದು ಪೂನಂಳ ಐಫೋನು.

ಆಗ ಗೊತ್ತಾಯಿತು. ಯಾವ ಫ್ರೇಮ್‌ವರ್ಕನ್ನೇ ಆರಿಸಿ, ಐಫೋನಿಗೆ ಆ್ಯಪು ಕಟ್ಟಲು ಕೊನೆಗೆ ಆ್ಯಪಲ್ ಕಂಪನಿಯ ಕಂಪ್ಯೂಟರೇ ಬೇಕು. ನನ್ನ ಹತ್ತಿರ ಇಲ್ಲ, ಕಾಲೇಜಿನಲ್ಲಿ ಇಲ್ಲ, ಕೇಳಿದ ಯಾವ ಗೆಳೆಯನ ಹತ್ತಿರವೂ ಇಲ್ಲ. ಹದಿನಾಲ್ಕು ಕಾಲಮ್ಮಿನಲ್ಲಿ ಈ ಒಂದು ಕಾಲಮ್ಮು ನಾನು ಹಾಕಿರಲಿಲ್ಲ. ಇದನ್ನು ಯಾರಿಗೂ ಹೇಳಲಿಲ್ಲ, ಮನೀಷಾಗಂತೂ ಮೊದಲೇ ಇಲ್ಲ. 'ಮಧ್ಯಂತರ ವ್ಯವಸ್ಥೆ' ಎಂದು ನನಗೆ ನಾನೇ ಒಂದು ಹೆಸರಿಟ್ಟುಕೊಂಡು, ನೀರು ಬಂದಾಗ ಪೂನಂಗೆ ಗುಟ್ಟಾಗಿ ಫೋನು ಮಾಡುವುದೆಂದು ನಿರ್ಧರಿಸಿದೆ. ಅಂದರೆ ನನ್ನ ಹೆಂಡತಿ ಮೊದಲನೇ ದಿನ ಹೇಳಿದ್ದನ್ನೇ ಮೂರು ತಿಂಗಳ ಸಂಶೋಧನೆಯ ನಂತರ ನಾನು ಕಂಡುಹಿಡಿದಿದ್ದೆ.

ಎರಡು ಸಲ ಎಲ್ಲ ಸರಿಯಾಗಿ ನಡೆಯಿತು. ಬಟನ್ ಒತ್ತಿದೆ, ಓಣಿಯ ಫೋನುಗಳು ಬಡಿದುಕೊಂಡವು, ಮೋಟರುಗಳು ಗುರ್ ಎಂದವು. ನಾನು ಬಚ್ಚಲಮನೆಗೆ ಹೋಗಿ ಪೂನಂಗೆ ಫೋನು ಮಾಡಿದೆ. ಎರಡೂ ಸಲ ಅವಳು, "ಹೌದ್ರಿ ಕಾಕಾ, ಗೊತ್ತಾಗ್ಯಾದ್ರಿ" ಎಂದಳು. ಅಕ್ಕಪಕ್ಕದ ಮೋಟರು ಕೇಳಿಸಿರಬೇಕು ಅಂದುಕೊಂಡೆ. ಅಸ್ಗರಿ ಆಪಾ ಒಂದು ಬಟ್ಟಲು ಶೀರ್‌ಖುರ್ಮಾ ಕಳಿಸಿದರು. ಅದನ್ನು ತಿನ್ನುವಾಗ ನನಗೆ ಸ್ವಲ್ಪವೂ ನಾಚಿಕೆ ಆಗಲಿಲ್ಲ. ಆಗಬೇಕಿತ್ತು.

ನೆಮ್ಮದಿಯಾಗಿ ಇರಬಹುದಿತ್ತು. ಆದರೆ ಆ್ಯಪಿನಲ್ಲಿ ಎಷ್ಟು ಫೋನು ಸೇರಿವೆ ಎಂದು ತೋರಿಸುವ ಒಂದು ಅಂಕಿ ಇತ್ತು. ನಮ್ಮದೂ ಸೇರಿ ಇಪ್ಪತ್ತೊಂದು ಬರಬೇಕು. ಇಪ್ಪತ್ತೆರಡು ತೋರಿಸುತ್ತಿತ್ತು. ನಾನು ಬರೆದದ್ದನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದೆ. ತಪ್ಪು ಸಿಗಲಿಲ್ಲ. ನನ್ನ ತಪ್ಪು ಅಲ್ಲ ಎಂದ ಮೇಲೆ ಫ್ರೇಮ್‌ವರ್ಕಿನದೇ ತಪ್ಪು. ಇಪ್ಪತ್ತೊಂದನ್ನು ಎಣಿಸಲು ಬಾರದ ಫ್ರೇಮ್‌ವರ್ಕನ್ನು ಹೇಗೆ ನಂಬುವುದು? ನನ್ನ ಆಯ್ಕೆಯೇ ತಪ್ಪಾಯಿತು, ರಿಯಾಕ್ಟ್ ನೇಟಿವ್ ತಂದುಕೊಳ್ಳಬೇಕಿತ್ತು ಎಂದು ಕೊರಗು ಶುರುವಾಯಿತು. ಬದಲಿಸಲು ನಾನು ಆರಿಸಿಕೊಂಡ ದಿನ ಭಾನುವಾರ.

ಆ ಭಾನುವಾರ ಪೂನಂಳ ಕುಬಸ.

ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಕಾರ್ಯಕ್ರಮ. ಬಸವಕಲ್ಯಾಣದಿಂದ ತವರಿನವರು ನಲವತ್ತು ಜನ ಬರುವವರಿದ್ದರು. ಅದೇ ದಿನ ನೀರಿನ ಎಂಟನೇ ದಿನವೂ ಆಗಿತ್ತು. ಇದ್ದ ನೀರೆಲ್ಲ ಹುಗ್ಗಿಗೆ, ಪಲ್ಯಕ್ಕೆ, ಪಾತ್ರೆಗೆ ಖರ್ಚಾಗಿ ಧನರಾಜನ ಮನೆಯ ಡ್ರಮ್ಮುಗಳು ತಳ ಕಂಡಿದ್ದವು. ಅಕ್ಕಪಕ್ಕದವರೂ ತಮ್ಮಲ್ಲಿದ್ದದ್ದನ್ನು ಅಲ್ಲಿಗೇ ಹೊತ್ತುಹಾಕಿದ್ದರು. ಮನೀಷಾ ಬೆಳಿಗ್ಗೆಯೇ ಇಳಕಲ್ ಸೀರೆ ಉಟ್ಟು ಅಲ್ಲಿಗೆ ಹೊರಟಳು. ಹೊರಡುವ ಮುನ್ನ ನನ್ನ ಎದುರು ನಿಂತಳು.

"ನೋಡ್ರಿ, ನಾ ಮನ್ಯಾಗ ಇರಂಗಿಲ್ಲ. ಲಾಲ್ ಅಹ್ಮದ್ ಭಾಯ್ ಕೂಗಿದ ಕೂಡ್ಲೆ ಬಟನ್ ಒತ್ರಿ. ಇವತ್ತ ನಿಮ್ಮದು ಇದೊಂದ ಕೆಲಸಾ."

"ಆತು."

"ನನ್ನ ತವರಮನಿ ಮಂದಿ ಬರಾಕತ್ತಾರ. ಈ ಸಂಬಂಧ ಕೂಡಸ್ದಾಕಿ ನಾ. ಬಂದವರ ಕಾಲಿಗಿ ನೀರ ಇರ್ಲಿಲ್ಲಂದ್ರ ನನ್ನ ಮಾರಿ ಉಳಿಯಂಗಿಲ್ಲ. ಕೇಳಸ್ತಿಲ್ರಿ?"

"ಕೇಳಸ್ತು ಮಾರಾಯ್ತಿ. ಬಟನ್ ಒತ್ತೋದು ನನಗ ಕಲಸಬೇಕೇನು?"

ಅವಳು ಹೋದ ಮೇಲೆ ಕಂಪ್ಯೂಟರಿನ ಮುಂದೆ ಕೂತೆ. ಲಾಲ್ ಅಹ್ಮದ್ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುತ್ತಾರೆ, ಅಷ್ಟರೊಳಗೆ ನನ್ನ ಫೋನಿನ ಆ್ಯಪನ್ನು ಹೊಸ ಫ್ರೇಮ್‌ವರ್ಕಿಗೆ ಬದಲಿಸಿಬಿಡೋಣ ಅಂದುಕೊಂಡೆ. ಹಳೆಯದನ್ನು ಅಳಿಸಿದೆ. ಹೊಸದನ್ನು ಕಟ್ಟಲು ಹಚ್ಚಿದೆ. ಕಂಪ್ಯೂಟರು ಕೆಂಪು ಅಕ್ಷರದಲ್ಲಿ ಏನೋ ಬೈಯಿತು. ಅದನ್ನು ಸರಿ ಮಾಡಿದೆ, ಇನ್ನೊಂದು ಬೈಗುಳ ಬಂತು.

ಹತ್ತೂವರೆಗೆ ಹೊರಗೆ ಬೈಕಿನ ಸದ್ದು. "ಮಾಸ್ತರ್, ಪಾನಿ ಛೋಡ್ದಿಯಾ! ಆಜ್ ಜಲ್ದಿ ಛೋಡ್ದಿಯಾ, ಬಚ್ಚಿ ಕಾ ಕಾರ್ಯಕ್ರಮ್ ಹೈ ನಾ!"

ಪಾಪ, ಪೂನಂಳ ಕುಬಸ ಎಂದು ಗೊತ್ತಾಗಿ ಲಾಲ್ ಅಹ್ಮದ್ ಬೇಗ ಬಿಟ್ಟಿದ್ದರು. ನಾನು ಒಳಗಿನಿಂದಲೇ "ಹಾಂ ಹಾಂ" ಎಂದೆ. ಫೋನು ನೋಡಿದೆ. ಹಳೆಯ ಆ್ಯಪು ಇಲ್ಲ, ಹೊಸದು ಇನ್ನೂ ಹುಟ್ಟಿಲ್ಲ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು, ಮುಚ್ಚಿಡುವುದಿಲ್ಲ. ಅಸ್ಗರಿ ಆಪಾ ಮನೆಯ ಬಾಗಿಲು ನಮ್ಮ ಬಾಗಿಲಿನಿಂದ ಹನ್ನೊಂದು ಹೆಜ್ಜೆ. ಓಡಿ ಹೋಗಿ ಕೂಗಬಹುದಿತ್ತು. ವಾಟ್ಸಾಪ್ ಗ್ರೂಪಿನಲ್ಲಿ ಎರಡು ಪದ ಬರೆಯಬಹುದಿತ್ತು. ಹೆಂಡತಿಗೆ ಫೋನು ಹಚ್ಚಬಹುದಿತ್ತು. ಇದೆಲ್ಲ ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳು. ಮೂರೂ ಹೊಳೆದವು. ಆದರೆ ಹೋಗಿ ಕೂಗಿದರೆ, "ಯಾಕ್ರಿ ಸರ್, ಆ್ಯಪ್‌ಗೆ ಏನಾತು?" ಎಂದು ಕೇಳುತ್ತಾರೆ. ಆ ಒಂದು ಪ್ರಶ್ನೆಗೆ ಹೆದರಿ, ಇನ್ನೈದು ನಿಮಿಷದಲ್ಲಿ ಸರಿ ಮಾಡುತ್ತೇನೆ ಅಂದುಕೊಂಡೆ. ಐದು ನಿಮಿಷವಾದ ಮೇಲೆ ಇನ್ನೈದು. ಹಾಗೆ ಎಷ್ಟು ಐದುಗಳಾದವೋ. ನಲವತ್ತು ಜನರ ಕಾಲಿನ ನೀರಿಗಿಂತ ನನ್ನ ಮರ್ಯಾದೆ ದೊಡ್ಡದೆಂದು ಆ ಹೊತ್ತಿನಲ್ಲಿ ನನಗೆ ಅನ್ನಿಸಿತ್ತು. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಕೊನೆಗೂ ಆ್ಯಪು ಎದ್ದು ನಿಂತಿತು. ಬಟನ್ ಒತ್ತಿದೆ. ಓಣಿಯ ತುಂಬ ಫೋನುಗಳು ಒಮ್ಮೆಲೇ ಬಡಿದುಕೊಂಡವು, ಅಂಥ ಚಂದದ ಸದ್ದು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ಹೆಣ್ಣುಮಕ್ಕಳು ಕೈಲಿದ್ದ ಕೆಲಸ ಬಿಟ್ಟು ಓಡಿದರು, ಪೈಪು ಸಿಕ್ಕಿಸಿದರು, ಮೋಟರು ಹಚ್ಚಿದರು. ನಳಗಳು ಒಂದು ಸಲ ಸುಯ್ಯೆಂದು ಗಾಳಿ ಬಿಟ್ಟು ಸುಮ್ಮನಾದವು. ಗಡಿಯಾರ ನೋಡಿದೆ. ಹನ್ನೊಂದು ಮೂವತ್ತೈದು.

ಹೊರಗೆ ಬಂದೆ. ನಮ್ಮ ಟಾಕಿ ತುಂಬಿ, ಮುಚ್ಚಳದ ಮೇಲಿಂದ ಹರಿದು, ಗೇಟಿನಡಿಯಿಂದ ದಾಟಿ, ಓಣಿಯ ರಸ್ತೆಯ ಮೇಲೆ ನೀರು ಥಳಥಳ ಹೊಳೆಯುತ್ತಿತ್ತು.

ಅದೇ ಹೊತ್ತಿಗೆ ಬಸವಕಲ್ಯಾಣದ ಮೂರು ಕ್ರೂಸರ್ ಗಾಡಿ ಓಣಿಯ ಬಾಯಿಗೆ ಬಂದು ನಿಂತವು. ಮುಂದೆ ಪೆಂಡಾಲು ಹಾಕಿದ್ದರಿಂದ ಎಲ್ಲರೂ ಇಳಿದು ನಡೆಯಬೇಕಾಯಿತು. ಮೊದಲು ಇಳಿದವರು ಪೂನಂಳ ಅಜ್ಜಿ ಲಲಿತಾಬಾಯಿ. ಎಂಬತ್ತು ದಾಟಿದ ಗಟ್ಟಿ ಜೀವ. ಸೀರೆಯ ನೆರಿಗೆ ಎತ್ತಿ ಹಿಡಿದು, ನನ್ನ ಮನೆಯ ಮುಂದಿನ ನೀರಿನಲ್ಲಿ ಪಚಪಚ ಹೆಜ್ಜೆ ಇಡುತ್ತ, ಹಿಂದಿನವರಿಗೆ ಕೇಳಿಸುವಂತೆ ಹೇಳಿದರು. "ಬೀಗರ ಓಣ್ಯಾಗ ನೀರಿಗಿ ಕಮ್ಮಿ ಇಲ್ಲ ನೋಡವಾ. ನಾವು ಬರ್ತೀವಂತ ರಸ್ತಾನೇ ತೊಳದಾರ."

ಕೆಸರು ಮೆತ್ತಿದ ಎಂಬತ್ತು ಕಾಲುಗಳು ಕೊನೆಯ ಮನೆಯ ಅಂಗಳಕ್ಕೆ ಮುಟ್ಟಿದವು. ಬಾಗಿಲಲ್ಲಿ ಧನರಾಜನ ತಾಯಿ ಖಾಲಿ ತಂಬಿಗೆ ಹಿಡಿದು ನಿಂತಿದ್ದರು. ಬೀಗರು ಬಂದಾಗ ಕಾಲಿಗೆ ನೀರು ಕೊಡದೆ ಒಳಗೆ ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಅವರು ಕರೆಯಲಾರರು, ಇವರು ಒಳಗೆ ಹೋಗಲಾರರು. ನಡುವೆ ನನ್ನ ಹೆಂಡತಿ. ದೂರದಿಂದಲೇ ಅವಳ ಮುಖ ಕಂಡಿತು. ನೋಡಬಾರದಿತ್ತು.

ಅಷ್ಟರಲ್ಲಿ ಅಸ್ಗರಿ ಆಪಾ ಖಾಲಿ ಕೊಡ ಹಿಡಿದು ನನ್ನ ಗೇಟಿನ ಮುಂದೆ ನಿಂತರು. ಹಿಂದೆ ಅರ್ಧ ಓಣಿ.

"ಗುರುನಾಥ ಸರ್, ನಿಮ್ಮ ಮನಿ ತುಂಬಿ ಹರಿಯಾಕತ್ತಾದ, ನಮ್ಮ ನಳದಾಗ ಖಾಲಿ ಗಾಳಿ ಬರಾಕತ್ತಾದ. ಇದು ಹ್ಯಾಂಗ್ರಿ?"

ಹಿಂದಿನಿಂದ ಯಾರೋ ಅಂದರು. "ಹ್ಯಾಂಗಂದ್ರ? ಮೊದ್ಲ ತಾವು ತುಂಬಿಸ್ಕೊಂಡಾರ, ಆಮ್ಯಾಲ ಬಟನ್ ಒತ್ಯಾರ."

"ಅದಕ್ಕ ಬಟನ್ ತಮ್ಮ ಹತ್ರಾನೇ ಇಟ್ಕೊಂಡಿದ್ರ ನೋಡ್ರಿ!"

ನನ್ನ ಬಾಯಿ ಒಣಗಿತು. (ಇಡೀ ಓಣಿಯಲ್ಲಿ ನೀರಿದ್ದ ಒಂದೇ ಮನೆಯ ಮುಂದೆ ನಿಂತು.) ನನ್ನ ಮುಂದೆ ಇದ್ದದ್ದು ಎರಡೇ ದಾರಿ. ನೀರು ಕದ್ದ ಕಳ್ಳ ಅನ್ನಿಸಿಕೊಳ್ಳುವುದು, ಇಲ್ಲವೇ ನಡೆದದ್ದನ್ನು ಹೇಳಿ ದಡ್ಡ ಅನ್ನಿಸಿಕೊಳ್ಳುವುದು. ನಾಚಿಕೆಯಿಲ್ಲದೆ ಹೇಳುತ್ತೇನೆ, ಒಂದು ಕ್ಷಣ ಕಳ್ಳ ಎನ್ನುವುದೇ ವಾಸಿ ಅನ್ನಿಸಿತು. ಕಳ್ಳನಿಗೆ ತಲೆಯಾದರೂ ಇರುತ್ತದೆ.

ಮನೀಷಾ ಜನರನ್ನು ಸರಿಸಿಕೊಂಡು ಬಂದಳು. ನನ್ನ ಮುಖ ನೋಡಿದಳು, ತೆರೆದ ಬಾಗಿಲಿನಿಂದ ಕಂಪ್ಯೂಟರಿನ ಮೇಲಿನ ಕೆಂಪು ಅಕ್ಷರ ನೋಡಿದಳು. ಕೇಳದೆಯೇ ಅವಳಿಗೆ ಎಲ್ಲ ತಿಳಿಯಿತು. ಓಣಿಯ ಕಡೆ ತಿರುಗಿದಳು.

"ನಮ್ಮವರು ಕಳ್ಳರಲ್ರಿ. ಅವರಿಗಿ ಅಷ್ಟು ಶಾಣ್ಯಾತನ ಇಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡೀನಿ, ನಾ ಗ್ಯಾರಂಟಿ ಕೊಡ್ತೀನಿ."

ಓಣಿಯವರು ತಕ್ಷಣ ನಂಬಿದರು. ಒಬ್ಬರಾದರೂ ಒಂದು ಮರುಪ್ರಶ್ನೆ ಕೇಳಬಹುದಿತ್ತು. ಇಷ್ಟು ಬೇಗ ನಂಬಿದ್ದಕ್ಕೆ ನನಗೆ ಬಹಳ ನೋವಾಯಿತು.

"ನೋಡಾಕತ್ತೀರೇನು ನಿಂತು? ಟಾಕಿ ಮುಚ್ಚಳಾ ತೆಗೀರಿ" ಎಂದು ಮನೀಷಾ ನನ್ನನ್ನು ಗದರಿಸಿ ಸೆರಗು ಸಿಕ್ಕಿಸಿದಳು. ನಾನು ಪ್ಯಾಂಟು ಮಡಚಿ, ಟಾಕಿಯ ಬಾಯಿಗೆ ಕೂತು ಬಕೆಟ್ಟಿನಿಂದ ನೀರೆತ್ತಿ ಕೊಟ್ಟೆ. ಅಸ್ಗರಿ ಆಪಾ ಕೊಡ ತುಂಬಿ ಮುಂದಿನವರಿಗೆ ಕೊಟ್ಟರು. ಅವರು ಮುಂದಿನವರಿಗೆ. ಓಣಿಯ ಉದ್ದಕ್ಕೂ ಹೆಣ್ಣುಮಕ್ಕಳು ನಿಂತು, ಕೈಯಿಂದ ಕೈಗೆ ಕೊಡ ದಾಟಿಸಿದರು. ಮೊದಲ ತಂಬಿಗೆ ಲಲಿತಾಬಾಯಿಯವರ ಕಾಲಿಗೆ ಬಿತ್ತಂತೆ. ಆಮೇಲೆ ಹಸಿರು ಸೀರೆ, ಹಸಿರು ಬಳೆ, ಉಡಿ, ಆರತಿ, ಹುಗ್ಗಿ ಎಲ್ಲವೂ ಚೆನ್ನಾಗಿಯೇ ಆಯಿತಂತೆ. 'ಅಂತೆ' ಏಕೆಂದರೆ ನಾನು ಮೂರು ಗಂಟೆಯವರೆಗೆ ಟಾಕಿಯ ಬಾಯಿ ಬಿಟ್ಟು ಏಳಲಿಲ್ಲ. ನೀರಿನ ಸಲುವಾಗಿ ಅರ್ಧ, ಮುಖ ತೋರಿಸಲಾರದೆ ಅರ್ಧ.

ಸಂಜೆ ಕಟ್ಟೆಯ ಮೇಲೆ ತೀರ್ಪಾಯಿತು. ಅಸ್ಗರಿ ಆಪಾರೇ ಹೇಳಿದರು.

"ಸರ್, ನಾವು ನಿಮ್ಮ ಮ್ಯಾಲ ನಾರಾಜ್ ಆಗಿಲ್ಲ. ಆದ್ರ ಇನ್ನ ಮ್ಯಾಲ ಪಾನಿ ಬಂದ್ರ ನೀವ ಬರ್ರಿ, ಮನಿ ಮನಿಗಿ. ನಿಮ್ಮ ಮಾರಿ ಎಲ್ಲಾ ನಮೂನಿ ಫೋನ್ ಇದ್ದೋರಿಗೂ ಕಾಣಸ್ತದ."

ಎಲ್ಲರೂ ನಕ್ಕರು. ಮನೀಷಾ ನಗಲಿಲ್ಲ. ಮನೆಗೆ ಬಂದು ಫ್ರಿಜ್ಜಿನ ಮೇಲಿನ ಚಾರ್ಟನ್ನು ಹರಿಯದೆ, ನೆಟ್ಟಗೆ ಬಿಡಿಸಿ, ಮಡಚಿ, ನನ್ನ ಕೈಗೆ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಎಂಟು ದಿನದ ಮೇಲೆ ಲಾಲ್ ಅಹ್ಮದ್ ಕೂಗಿದರು. ನಾನು ಚಪ್ಪಲಿ ಮೆಟ್ಟಿದೆ. ಅಸ್ಗರಿ ಆಪಾ ಬಾಗಿಲಿನಿಂದ ಶುರು ಮಾಡಿ, ಒಂದೊಂದೇ ಬಾಗಿಲು ತಟ್ಟಿ, "ನೀರ ಬಂದಾವ್ರಿ" ಎನ್ನುತ್ತ ಹೊರಟೆ. ಒಂದು ಮನೆಯಲ್ಲಿ, "ಸರ್ ಬಂದ್ರು, ಮೋಟರ್ ಹಚ್ರಿ" ಎಂದರು. ಇನ್ನೊಂದು ಮನೆಯಲ್ಲಿ, ಕಾಲೇಜಿನಲ್ಲಿ ನನ್ನಿಂದಲೇ ಪಾಠ ಹೇಳಿಸಿಕೊಂಡ ಸ್ನೇಹಲ್ ಬಾಗಿಲು ತೆರೆದು ತುಟಿ ಕಚ್ಚಿಕೊಂಡು ನಿಂತಳು. ನೋಯುವ ಮೊಣಕಾಲಿನಲ್ಲಿ ಪೂರ್ತಿ ಓಣಿ ನಡೆಯಲು ಆರು ನಿಮಿಷ ಬೇಕಾಯಿತು. ಮೂರೂವರೆ ತಿಂಗಳಲ್ಲಿ ನಾನು ಆ ಕೊನೆಯವರೆಗೆ ಒಮ್ಮೆಯೂ ನಡೆದಿರಲಿಲ್ಲ.

ಪೂನಂ ಹೊರಗೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮರುದಿನ ಬಾಣಂತನಕ್ಕೆ ಬಸವಕಲ್ಯಾಣಕ್ಕೆ ಹೊರಡುವವಳು. ಹಸಿರು ಬಳೆ ಕೈತುಂಬ. ಒಂದು ಕೈಯಲ್ಲಿ ಫೋನು.

"ಬರ್ರಿ ಕಾಕಾ. ಕುಂದರ್ರಿ, ಏದುಸಿರು ಬಿಡಾಕತ್ತೀರಿ."

ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. "ನೋಡವಾ ಪೂನಂ, ಇದೆಲ್ಲಾ ಆಗಿದ್ದು ನಿನ್ನ ಆಯ್‌ಫೋನ್..." ಎಂದು ಶುರು ಮಾಡಿದವನ ಕಣ್ಣು ಅವಳ ಕೈಯಲ್ಲಿದ್ದ ಫೋನಿನ ಮೇಲೆ ಬಿತ್ತು. ಅದು ನನ್ನ ಹತ್ತಿರ ಇರುವಂಥದ್ದೇ ಆಂಡ್ರಾಯ್ಡು.

"ಆಯ್‌ಫೋನ್ ತಮ್ಮಗ ಕೊಟ್ಟುಬಿಟ್ಟೀನ್ರಿ ಕಾಕಾ. ಎರಡ ತಿಂಗಳಾತು" ಎಂದಳು ಪೂನಂ. "ನನ್ನೊಬ್ಬಾಕಿ ಫೋನ್ ಸಲುವಾಗಿ ನೀವು ಬಾಳ ತ್ರಾಸ ತಗೋಳಾಕತ್ತೀರಂತ ಮನೀಷಾ ಕಾಕು ಹೇಳಿದ್ರು. ಬಸುರಿದ್ದಾಗ ಯಾರಿಗರ ತ್ರಾಸ ಕೊಡಬಾರ್ದಂತ ಅತ್ತಿನೂ ಅಂದ್ರು. ನಿಮ್ಮ ಆ್ಯಪ್ ಗ್ರೂಪಿನಾಗ ಬಂದ ದಿನಾನೇ ಹಾಕ್ಕೊಂಡೀನಿ, ನೋಡ್ರಿ."

ಇಪ್ಪತ್ತೆರಡನೇ ಫೋನು. ಫ್ರೇಮ್‌ವರ್ಕು ಸರಿಯಾಗಿಯೇ ಎಣಿಸಿತ್ತು. ಅಪ್ಪ ಮದುವೆಯಲ್ಲಿ ಕೊಟ್ಟದ್ದನ್ನು ನನ್ನ ಸಲುವಾಗಿ ಬಿಟ್ಟುಕೊಟ್ಟು, ನನಗೆ ಹೊರೆಯಾಗಬಾರದೆಂದು ಅದನ್ನು ಹೇಳದೆ, ನಾನು ಬಚ್ಚಲಮನೆಯಿಂದ ಗುಟ್ಟಾಗಿ ಫೋನು ಮಾಡಿದಾಗಲೆಲ್ಲ ಗೊತ್ತಾಗ್ಯಾದ್ರಿ ಎಂದಿದ್ದಳು. ನಾನು ಇಲ್ಲದ ಐಫೋನಿನ ಸಲುವಾಗಿ ಕಾಲಮ್ಮು ಎಳೆಯುತ್ತ ಕೂತಿದ್ದೆ. ಒಂದು ಸಲ ಈ ಬಾಗಿಲಿಗೆ ಬಂದಿದ್ದರೆ ಸಾಕಿತ್ತು.

"ಪೂನಂ, ಆ ದಿನ ನಿನ್ನ ಕಾರ್ಯಕ್ರಮದಾಗ..." ಎಂದೆ.

"ಅಯ್ಯ, ಬಿಡ್ರಿ ಕಾಕಾ" ಎಂದಳು ಅವಳು, ನನ್ನ ಮುಖ ನೋಡಿ ಗಾಬರಿಯಾಗಿ. "ನಿಮ್ಮ ಆ್ಯಪ್ ಬರೋಬರಿನೇ ಇತ್ತು. ನೀರೇ ಸ್ವಲ್ಪ ಜಲ್ದಿ ಬಂದಿದ್ವು."

ಅವಳ ಎದುರು ನಿಲ್ಲಲಾರದೆ ನಾನು ಅವರ ನಳದ ಗುಂಡಿಗೆ ಬಗ್ಗಿ ಪೈಪು ಸಿಕ್ಕಿಸತೊಡಗಿದೆ. ಸಿಕ್ಕಿಸಿ ಆದ ಮೇಲೂ ಬಹಳ ಹೊತ್ತು ಅಲ್ಲೇ ಬಗ್ಗಿಕೊಂಡಿದ್ದೆ.